ಉಳಿವೆಪ್ಪನ ಸೀಸದ ಗೋಲಿ

ರೊಟ್ಟಿ ಬಡಿಯುವ ಸಪ್ಪಳ ನಿಂತು ಬಹಳ ಹೊತ್ತಾಗಿತ್ತು. ಶೈಲಶ್ರೀಯ ತಾಟಿನಲ್ಲಿ ಮಾತ್ರ ಅರ್ಧ ರೊಟ್ಟಿ, ಒಂದಿಷ್ಟು ಬದನೆಕಾಯಿ ಪಲ್ಯ ಹಾಗೇ ಉಳಿದಿದ್ದವು. ಏಳು ವರ್ಷದ ಹುಡುಗಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು ಗೋಲಿ ಆಡುತ್ತಿದ್ದಳು. ಐದು ಗೋಲಿಗಳನ್ನು ಮೇಲಕ್ಕೆ ತೂರಿ ಅಂಗೈಯ ಹಿಂಬದಿಯಲ್ಲಿ ಹಿಡಿಯುವ ಆಟ. ಹೋದ ವರ್ಷ ಐದಕ್ಕೆ ಐದೂ ಹಿಡಿಯುತ್ತಿದ್ದವಳು ಈಗ ಒಂದು ಹಿಡಿದರೆ ಹೆಚ್ಚು. ಬಿದ್ದವನ್ನು ಎತ್ತಿಕೊಳ್ಳುವಷ್ಟರಲ್ಲಿ ಬೇಸರ ಬಂದು, ಒಂದು ಗೋಲಿಯನ್ನು ಬಾಯಲ್ಲಿ ಹಾಕಿಕೊಂಡು ಚೀಪುತ್ತ ಸುಮ್ಮನೆ ಕೂತುಬಿಡುತ್ತಿದ್ದಳು.

ಗೋಲಿಗಳು ಗಾಜಿನವಲ್ಲ, ಸೀಸದವು. ಅಜ್ಜ ಉಳಿವೆಪ್ಪ ಕೈಯಾರೆ ಎರಕ ಹೊಯ್ದವು. ಒಂದೊಂದರ ಮೇಲೂ ‘ಉ’ ಎಂಬ ಅಕ್ಷರ ಎದ್ದು ಕಾಣುತ್ತಿತ್ತು. ಸಾಲಿಗೆ ಹೋಗುವ ಮೊದಲೇ ಹುಡುಗಿ ಕಲಿತ ಮೊದಲ ಅಕ್ಷರ ಅದು.

ಸವಣೂರಿನಲ್ಲಿ ಉಳಿವೆಪ್ಪ ಮಿಸ್ತ್ರಿಯ ಗ್ಯಾರೇಜು ಎಲ್ಲಿ ಎಂದು ಯಾವ ಖಾರದ ಅಂಗಡಿಯವನನ್ನು ಕೇಳಿದರೂ ತೋರಿಸುತ್ತಿದ್ದ. ಮನೆಯ ಮುಂಭಾಗವೇ ಗ್ಯಾರೇಜು, ನಡುವೆ ಪಡಸಾಲೆ, ಹಿಂದೆ ಹಿತ್ತಲು. ಹಳೆಯ ಪೆಟ್ರೋಲ್ ಜೀಪು, ಹಳೆಯ ಕಾರು ಇಟ್ಟುಕೊಂಡವರು ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿನಿಂದಲೂ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವರು ಬರುತ್ತಿದ್ದದ್ದು ಗೋಲಿಗಾಗಿ.

ಒಂದು ಕಾಲಕ್ಕೆ ಇಂಜಿನ್ನು ಬಡಿದುಕೊಳ್ಳದೆ ಓಡಲಿ ಎಂದು ಪೆಟ್ರೋಲಿಗೆ ಸೀಸ ಬೆರೆಸಿ ಮಾರುತ್ತಿದ್ದರು. ಎರಡು ಸಾವಿರದ ಇಸವಿಯಲ್ಲಿ ದೇಶದ ತುಂಬ ಅದನ್ನು ನಿಲ್ಲಿಸಿದರು. ಆಮೇಲೆ ಹಳೆಯ ಗಾಡಿಗಳು ಒಂದೊಂದಾಗಿ ಉಳಿವೆಪ್ಪನ ಬಾಗಿಲಿಗೆ ಬರತೊಡಗಿದವು. ಏರು ಹತ್ತುವಾಗ ಟಕಟಕ ಸಪ್ಪಳ, ಎಳೆತವಿಲ್ಲ, ಬಿಚ್ಚಿ ನೋಡಿದರೆ ವಾಲ್ವ್ ಕೂಡುವ ಸೀಟು ಸವೆದು ಕೆಳಗೆ ಇಳಿದಿದೆ. ಇದೆಲ್ಲ ಹೊಸ ಗಾಡಿ ಮಾರುವವರ ಹುನ್ನಾರ ಎಂದು ಉಳಿವೆಪ್ಪ ತೀರ್ಮಾನಿಸಿದ. ಅವರು ತೆಗೆದದ್ದನ್ನು ನಾನು ಹಾಕುತ್ತೇನೆ ಎಂದ. ಹಳೆಯ ಬ್ಯಾಟರಿ ಒಡೆದು, ಒಳಗಿನ ತಗಡುಗಳನ್ನು ಹಿತ್ತಲಿನ ಒಲೆಯ ಮೇಲೆ ಕರಗಿಸಿ, ಬಳಪದ ಕಲ್ಲಿನ ಅಚ್ಚಿನಲ್ಲಿ ಹೊಯ್ದು ಗೋಲಿ ಮಾಡಿದ. ವರ್ಷಕ್ಕೊಂದು ಗೋಲಿ, ದಸರೆಯಲ್ಲಿ ಗಾಡಿ ಪೂಜಿಸುವ ಖಂಡೇಪೂಜೆಯ ಹೊತ್ತಿಗೆ, ಪೆಟ್ರೋಲ್ ಟಾಕಿಯೊಳಗೆ. ವರ್ಷ ತುಂಬುವುದರೊಳಗೆ ಅದು ಕರಗಿ ಪೆಟ್ರೋಲಿನ ಜೊತೆ ಇಂಜಿನ್ನಿಗೆ ಸೇರುತ್ತದೆ ಎಂಬುದು ಅವನ ಎಣಿಕೆ. ಟಾಕಿ ಮಾತ್ರ ಬಿಚ್ಚಬಾರದು, ಬಿಚ್ಚಿದರೆ ಗುಣ ಹೋಗುತ್ತದೆ ಎಂದು ಒಂದು ಕಟ್ಟಳೆಯನ್ನೂ ಸೇರಿಸಿದ್ದ. ಗೋಲಿಗೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅದು ಅವನ ದೊಡ್ಡಸ್ತಿಕೆ.

ಈಗ ಅಂಥ ಗಾಡಿಗಳು ನಾಲ್ಕು ತಾಲೂಕು ಸೇರಿ ಹತ್ತೊಂಬತ್ತು ಉಳಿದಿದ್ದವು. ಉಳಿವೆಪ್ಪನಿಗೂ ಅರವತ್ತೇಳು. ಐದಾರು ವರ್ಷದಿಂದ ಕೈ ನಡುಗುತ್ತಿತ್ತು, ವಯಸ್ಸಾಯಿತು ಎಂದು ಅದನ್ನು ಅಷ್ಟಕ್ಕೇ ಬಿಟ್ಟಿದ್ದ. ಖಂಡೇಪೂಜೆ ಇನ್ನೊಂದು ತಿಂಗಳಿರುವಾಗ ಹಿತ್ತಲಿನಲ್ಲಿ ಒಲೆ ಹೂಡಿ ಈ ವರ್ಷದ ಗೋಲಿಯನ್ನೂ ಹೊಯ್ದಿಟ್ಟಿದ್ದ. ಮೊಮ್ಮಗಳು ಪಕ್ಕದಲ್ಲೇ ಕೂತು ನೋಡಿದ್ದಳು. ಸೀಸ ಕರಗಿ ಕನ್ನಡಿಯ ಹಾಗೆ ಹೊಳೆಯುವುದನ್ನು ನೋಡುವುದೆಂದರೆ ಅವಳಿಗೆ ಬಲು ಇಷ್ಟ.

ಹುಡುಗಿಗೆ ಏನೋ ಆಗಿದೆ ಎಂದು ಮೊದಲು ಗಮನಿಸಿದವಳು ಅವಳ ತಾಯಿ ಮಲ್ಲಿಕಾ. ಉಳಿವೆಪ್ಪನ ಮಗ ಸುನೀಲ ಲಾರಿ ಓಡಿಸಿಕೊಂಡು ತಿಂಗಳುಗಟ್ಟಲೆ ಹೊರಗಿರುತ್ತಿದ್ದ, ಮನೆಯಲ್ಲಿ ಹೊಲಿಗೆ ಮಾಡಿಕೊಂಡು ಮಗಳನ್ನು ನೋಡಿಕೊಳ್ಳುತ್ತಿದ್ದವಳು ಇವಳೇ. ಹೊಟ್ಟೆನೋವು ಎನ್ನುತ್ತಾಳೆ, ಊಟ ಸೇರುವುದಿಲ್ಲ, ಮುಖ ಬಿಳಿಚಿಕೊಂಡಿದೆ, ಮಾತುಮಾತಿಗೆ ಸಿಡುಕುತ್ತಾಳೆ. ಜಂತಿನ ಗುಳಿಗೆ ಆಯಿತು, ರಕ್ತ ಹೆಚ್ಚುವ ಔಷಧವಾಯಿತು. ಅಜ್ಜಿ ಸುಶೀಲವ್ವ ಮೂರು ಸಲ ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ಸಾಲಿಯ ಅಕ್ಕೋರು ಕರೆಸಿ, ಒಂದನೇತ್ತೆಯಲ್ಲಿ ಓದುತ್ತಿದ್ದ ಪಾಠವನ್ನು ಎರಡನೇತ್ತೆಯಲ್ಲಿ ಓದಲು ತಡವರಿಸುತ್ತಾಳೆ ಎಂದಾಗ ಮಲ್ಲಿಕಾಳ ಎದೆ ಒಡೆಯಿತು. ಮಾರನೆಯ ದಿನವೇ ಮಾವನನ್ನು ಜೊತೆಗೆ ಕರೆದುಕೊಂಡು ಹುಬ್ಬಳ್ಳಿಗೆ ಹೋದಳು.

ಮಕ್ಕಳ ವೈದ್ಯೆ ಹುಡುಗಿಯ ನಾಲಿಗೆ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಆಮೇಲೆ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ಉಳಿವೆಪ್ಪ ಗ್ಯಾರೇಜಿನ ಕಥೆಯನ್ನು ಅಭಿಮಾನದಿಂದಲೇ ಹೇಳಿದ. ಅವನು ಹೇಳುತ್ತಿರುವಾಗಲೇ ಶೈಲಶ್ರೀ ಫ್ರಾಕಿನ ಕಿಸೆಯಿಂದ ಒಂದು ಗೋಲಿ ತೆಗೆದು ಮೇಜಿನ ಮೇಲಿಟ್ಟಳು. ವೈದ್ಯೆ ಅದನ್ನು ಬರಿಗೈಯಲ್ಲಿ ಮುಟ್ಟದೆ ಒಂದು ಕಾಗದದಲ್ಲಿ ಹಿಡಿದುಕೊಂಡು ತಿರುಗಿಸಿ ನೋಡಿದಳು. ರಕ್ತ ತೆಗೆಸಿದಳು. ಅದರ ಉತ್ತರ ಬರಲು ನಾಲ್ಕು ದಿನ ಹಿಡಿಯಿತು.

ಎರಡನೆಯ ಸಲ ಹೋದಾಗ ವೈದ್ಯೆ ಚೀಟಿಯ ಮೇಲಿನ ಅಂಕಿಗೆ ಬೆರಳಿಟ್ಟಳು. ಹುಡುಗಿಯ ರಕ್ತದಲ್ಲಿ ಸೀಸ ನಲವತ್ತೊಂದು. ಇರಬೇಕಾದದ್ದು ಎಷ್ಟು ಎಂದು ಮಲ್ಲಿಕಾ ಕೇಳಿದಳು. ಇರಲೇಬಾರದು, ನಲವತ್ತೈದು ದಾಟಿದರೆ ಆಸ್ಪತ್ರೆಯಲ್ಲಿಟ್ಟುಕೊಂಡು ಔಷಧ ಕೊಡಬೇಕಾಗುತ್ತದೆ ಎಂದಳು ವೈದ್ಯೆ. ಅದಕ್ಕಿಂತ ಮೊದಲು ಆ ಸೀಸ ಎಲ್ಲಿಂದ ಬರುತ್ತಿದೆಯೋ ಅದು ನಿಲ್ಲಬೇಕು, ಅದು ನಿಲ್ಲದೆ ಯಾವ ಔಷಧವೂ ನಾಟುವುದಿಲ್ಲ ಎಂದಳು.

ಉಳಿವೆಪ್ಪನಿಗೆ ಇದು ತನ್ನ ಮೇಲೆ ಹೊರಿಸಿದ ಆಪಾದನೆ ಎನ್ನಿಸಿತು.

"ನಲವತ್ತೈದು ವರ್ಷ ಆತ್ರಿ ನಾ ಈ ಕೆಲಸ ಮಾಡಾಕತ್ತು. ಬಾಯಿಲೆ ಪೆಟ್ರೋಲ್ ಎಳದೇನಿ. ಪೆಟ್ರೋಲಿನಾಗ ಕೈ ತೊಳದು ಊಟಕ್ಕ ಕುಂತೇನಿ. ನನಗೇನಾಗೇತಿ?"

ವೈದ್ಯೆ ಅವನ ಕೈ ನೋಡಿದಳು. ಮೇಜಿನ ತುದಿ ಹಿಡಿದುಕೊಂಡಿದ್ದರೂ ಅದು ನಡುಗುತ್ತಿತ್ತು.

"ದೊಡ್ಡವರ ಮೈ ಒಂದಿಷ್ಟು ತಡಕೊಳ್ತದ, ಅಜ್ಜಾರ. ಇಕಿ ಮಿದುಳು ಇನ್ನಾ ಬೆಳ್ಯಾಕತ್ತದ. ಪೆಟ್ರೋಲಿನಾಗಿನ ಸೀಸ ಯಾಕ ತೆಗದ್ರು ಅಂತ ಮಾಡೀರಿ? ಅದರ ಹೊಗಿ ಮಕ್ಕಳ ರಕ್ತಕ್ಕ ಸೇರ್ತಿತ್ತು, ಅದಕ್ಕ ತೆಗದ್ರು. ತೆಗದ ಮ್ಯಾಲೆ ಮಕ್ಕಳ ರಕ್ತದಾಗ ಅದು ಇಳೀತು. ಈಗ ಜಗತ್ತಿನ್ಯಾಗ ಯಾವ ದೇಶದಾಗೂ ಕಾರಿಗೆ ಅಂಥಾ ಪೆಟ್ರೋಲ್ ಮಾರೂದಿಲ್ಲ."

ಇಪ್ಪತ್ತನಾಲ್ಕು ವರ್ಷ ಉಳಿವೆಪ್ಪ ಹೊಸ ಗಾಡಿ ಮಾರುವವರನ್ನು ಬೈಯುತ್ತ ಬಂದಿದ್ದ. ಮಕ್ಕಳ ಸುದ್ದಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಯಾರನ್ನೂ ಕೇಳಿರಲಿಲ್ಲ. ಹೋದದ್ದೆಲ್ಲ ತಿರುಗಿ ಬರುತ್ತದೆಯೇ ಎಂದು ಮಲ್ಲಿಕಾ ಮೆಲ್ಲಗೆ ಕೇಳಿದಳು. ರಕ್ತದಲ್ಲಿರುವುದು ಇಳಿಯುತ್ತದೆ, ಕಲಿಕೆಯಲ್ಲಿ ಎಷ್ಟು ಹಿಂದೆ ಬಿದ್ದಿದ್ದಾಳೆ ಎಂದು ಈಗಲೇ ಹೇಳಲಾರೆ ಎಂದಳು ವೈದ್ಯೆ. ಮಣ್ಣು ಒಣಗಿದ್ದಾಗ ಕಸ ಹೊಡೆಯಬಾರದು, ನೀರು ಚಿಮುಕಿಸಬೇಕು, ಹಿತ್ತಲಿನ ಮೇಲ್ಮಣ್ಣು ತೆಗೆಸಬೇಕು, ಕೆಲಸದ ಬಟ್ಟೆಯಲ್ಲಿ ಮನೆಯೊಳಗೆ ಬರಬಾರದು ಎಂದು ಒಂದೊಂದಾಗಿ ಬರೆದುಕೊಟ್ಟಳು. ಒಂದು ತಿಂಗಳಿಗೆ ಮತ್ತೆ ರಕ್ತ ನೋಡೋಣ ಎಂದಳು.

ಬಸ್ಸಿನಲ್ಲಿ ಬರುವಾಗ ಮಲ್ಲಿಕಾ ಅತ್ತಳೋ ಇಲ್ಲವೋ ಉಳಿವೆಪ್ಪನಿಗೆ ಗೊತ್ತಾಗಲಿಲ್ಲ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನೆಗೆ ಬಂದು, ಮಗಳ ಬಟ್ಟೆಯನ್ನು ಚೀಲಕ್ಕೆ ತುಂಬಿ, ಅತ್ತೆಯ ಮುಂದೆಯೇ ಮಾವನನ್ನು ಕರೆದಳು.

"ಮಾವಾರ, ನಾ ಇಕಿನ್ನ ಕರಕೊಂಡು ಹಿರೇಬೆಂಡಿಗೇರಿಗೆ, ನಮ್ಮ ಅವ್ವನ ಮನಿಗೆ ಹೋಗ್ತೇನಿ. ಈ ಮನಿಯಾಗ ಸೀಸದ ಒಂದು ಚೂರೂ ಇಲ್ಲ ಅಂತ ನೀವು ಹೇಳೂ ದಿನ ತಿರುಗಿ ಬರ್ತೇನಿ. ನಿಮ್ಮ ಮಾತಿನ ಮ್ಯಾಲೆ ನನಗ ನಂಬಿಕಿ ಐತಿ. ಅದಕ್ಕ ನಿಮಗ ಹೇಳಾಕತ್ತೇನಿ."

ಜಗಳ ಮಾಡಿದ್ದರೆ ಅವನೂ ಒಂದು ಮಾತು ಆಡುತ್ತಿದ್ದ. ನಂಬಿಕೆ ಇದೆ ಎಂದವಳ ಮುಂದೆ ಏನು ಆಡುವುದು? ಶೈಲಶ್ರೀ ಹೋಗುವಾಗ ಗೋಲಿಗಾಗಿ ಹಟ ಹಿಡಿದು ಅತ್ತಳು. ಮಲ್ಲಿಕಾ ಕೊಡಲಿಲ್ಲ. ಉಳಿವೆಪ್ಪ ಆಟೋದ ತನಕ ಹೋಗಿ ಚೀಲ ಇಟ್ಟು ಬಂದ.

ಮನೆ ಬಣಗುಟ್ಟಿತು. ಹಾಗೆಂದು ಮಿಸ್ತ್ರಿ ಅಷ್ಟಕ್ಕೇ ಸೋತನೆಂದು ತಿಳಿಯಬೇಡಿ. ವೈದ್ಯೆಗೆ ಮಕ್ಕಳ ವಿಷಯ ಗೊತ್ತು, ಇಂಜಿನ್ನಿನ ವಿಷಯ ಗೊತ್ತಿಲ್ಲ ಎಂಬ ಒಂದು ಎಳೆಯನ್ನು ಅವನು ಹಿಡಿದುಕೊಂಡಿದ್ದ. ಗೋಲಿ ನಿಲ್ಲಿಸಿದರೆ ಹತ್ತೊಂಬತ್ತು ಗಾಡಿಗಳ ಗತಿ ಏನು? ನಂಬಿ ಬಂದವರಿಗೆ ಏನು ಹೇಳುವುದು? ಹೊಯ್ದಿಟ್ಟದ್ದನ್ನು ಈ ವರ್ಷ ಹಾಕಿ, ಮುಂದಿನ ವರ್ಷದಿಂದ ಊರ ಹೊರಗೆ ಎಲ್ಲಿಯಾದರೂ ಒಲೆ ಹೂಡಿದರಾಯಿತು ಎಂದು ಸುಶೀಲವ್ವನ ಹತ್ತಿರ ಹೇಳಿ ನೋಡಿದ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ಅಲ್ಲಿ ಯಾರ ಮಕ್ಕಳೂ ಇರುವುದಿಲ್ಲವೇನು ಎಂದು ಕೇಳಿದಳು.

ಮೂರನೆಯ ದಿನ ನಬೀಸಾಬ ಬಂದ. ಎಲೆಬಳ್ಳಿಯ ತೋಟಗಳಿಂದ ವೀಳ್ಯದೆಲೆಯ ಪೆಂಡಿಗಳನ್ನು ಪೇಟೆಗೆ ಸಾಗಿಸುವ ಅವನ ಜೀಪಿಗೇ ಉಳಿವೆಪ್ಪ ಮೊಟ್ಟಮೊದಲು ಗೋಲಿ ಹಾಕಿದ್ದು. ಅಂದಿನಿಂದ ಇಬ್ಬರೂ ಗೆಳೆಯರು. ಈ ವರ್ಷದ್ದು ತಯಾರಾಯಿತೇನು ಎಂದು ನಬೀಸಾಬ ಕೇಳಿದಾಗ ಉಳಿವೆಪ್ಪನ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಹೋದ ವರ್ಷದ ಗೋಲಿ ಇನ್ನೂ ಅರ್ಧ ಉಳಿದಿದ್ದರೆ ಈ ವರ್ಷ ಹಾಕುವ ಅವಶ್ಯವೇ ಇಲ್ಲ. ಮಂದಿಗೂ ಹಾಗೇ ಹೇಳಬಹುದು. ಟಾಕಿ ಬಿಚ್ಚೋಣ ಎಂದ.

"ಬಿಚ್ಚಬಾರದು ಅಂತ ನೀನ ಹೇಳಿದ್ದಿ, ಮಿಸ್ತ್ರಿ."

"ನಾನ ಹೇಳಿದ್ದೆ. ಈಗ ನಾನ ಬಿಚ್ಚತೇನಿ."

ಪೆಟ್ರೋಲನ್ನು ಕ್ಯಾನಿಗೆ ಇಳಿಸಿದರು. ಪಟ್ಟಿಗಳನ್ನು ಸಡಿಲಿಸಿ, ಇಬ್ಬರೂ ಸೇರಿ ಟಾಕಿಯನ್ನು ಹೊರತೆಗೆದು, ಬುಟ್ಟಿಯ ಮೇಲೆ ಬೋರಲು ಹಾಕಿ ಅಲ್ಲಾಡಿಸಿದರು. ಮೊದಲು ತುಕ್ಕು ಬಿತ್ತು. ಆಮೇಲೆ ಒಂದು ಗೋಲಿ. ಆಮೇಲೆ ಇನ್ನೊಂದು. ಬೀಳುವುದು ನಿಲ್ಲಲೇ ಇಲ್ಲ. ಉಳಿವೆಪ್ಪ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಸಾಲಾಗಿ ಇಟ್ಟು ಎಣಿಸಿದ. ಇಪ್ಪತ್ಮೂರು. ಮೊದಲ ವರ್ಷದಿಂದ ಹೋದ ವರ್ಷದ ತನಕ ಹಾಕಿದವು ಅಷ್ಟೂ ಅಲ್ಲೇ ಇದ್ದವು. ಬಣ್ಣ ಮಂಕಾಗಿತ್ತು, ಅಷ್ಟೇ. ಬಟ್ಟೆಯಿಂದ ಒರೆಸಿದರೆ ಎಲ್ಲದರ ಮೇಲೂ ‘ಉ’ ನಿನ್ನೆ ಹೊಯ್ದಷ್ಟು ಸ್ಪಷ್ಟವಾಗಿತ್ತು.

"ತಿರುವಿನಾಗ ಗಡಗಡ ಅಂತಿತ್ತು. ಜಾಕ್ ಉರುಳತೈತಿ ಅಂತ ಮಾಡಿದ್ದೆ ನಾನು," ಎಂದು ನಬೀಸಾಬ ನಗಲು ಹೋಗಿ, ಗೆಳೆಯನ ಮುಖ ನೋಡಿ ನಿಲ್ಲಿಸಿದ. "ಹಂಗಾರ ಇಷ್ಟು ವರ್ಷ ಗಾಡಿ ಯಾಕ ಓಡಿತು?" ಎಂದು ಕೇಳಿದ.

"ವಾಲ್ವಿಗೆ ಗಟ್ಟಿ ಸೀಟ್ ಹಾಕಿದ್ದೆ. ಹುಬ್ಬಳ್ಳಿ ಲೇತಿನಾಗ ಮಾಡಿಸಿ ತಂದು ಕೂಡಿಸಿದ್ದೆ. ಪ್ಲಗ್ಗಿನ ಕಿಡಿ ಹಾರೂ ಟೈಮಿಂಗ್ ಹಿಂದಕ್ಕ ತಂದಿದ್ದೆ. ಅದಕ್ಕ ಓಡಿತು."

"ಅದನ್ನ ಯಾವತ್ತೂ ಹೇಳಲಿಲ್ಲಲ್ಲೋ ನೀನು."

"ಯಾರೂ ಕೇಳಲಿಲ್ಲ. ಎಲ್ಲಾರೂ ಗೋಲಿನ ಕೇಳಿದ್ರು."

ದಣಿವು ಎಂದರೆ ಏನೆಂದು ಉಳಿವೆಪ್ಪನಿಗೆ ಅಂದು ಗೊತ್ತಾಯಿತು. ಇಂಜಿನ್ನಿಗೆಂದು ಹಾಕಿದ ಸೀಸ ಎಳ್ಳಷ್ಟೂ ಇಂಜಿನ್ನಿಗೆ ಹೋಗಿರಲಿಲ್ಲ. ಹೋದದ್ದು ಹೊಗೆಯಾಗಿ, ಹಿತ್ತಲಿನ ಬೂದಿಯಾಗಿ, ಅವನ ಅಂಗಿಯ ಧೂಳಾಗಿ. ಆ ಅಂಗಿಯಲ್ಲೇ ಅವನು ಮೊಮ್ಮಗಳನ್ನು ಎತ್ತಿಕೊಂಡಿದ್ದ, ಆ ಕೈಯಲ್ಲೇ ರೊಟ್ಟಿ ಮುರಿದು ಅವಳ ಬಾಯಿಗೆ ಇಟ್ಟಿದ್ದ. ಯಾವ ಉಪಯೋಗಕ್ಕೂ ಬಾರದ ಒಂದು ಗೋಲಿಗಾಗಿ ಇಷ್ಟೆಲ್ಲ ನಡೆದಿತ್ತು.

ಮಾರನೆಯ ದಿನದಿಂದ ಹಿತ್ತಲಿನ ಕೆಲಸ ಹಿಡಿದ. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಚಿಮುಕಿಸಿ, ಒಂದು ಗೇಣು ಮಣ್ಣು ಕೆತ್ತಿದ. ನಬೀಸಾಬ ಬೇಡವೆಂದರೂ ಬಂದು ಕೈ ಹಚ್ಚಿದ. ಮಣ್ಣನ್ನು ದಪ್ಪ ಚೀಲಗಳಲ್ಲಿ ತುಂಬಿ, ಆಳದ ಗುಂಡಿಯಲ್ಲಿ ಮುಚ್ಚಿ, ಮೇಲೆ ಕಾಂಕ್ರೀಟು ಹಾಕಿಸಿದರು. ಒಡೆದ ಬ್ಯಾಟರಿ, ಗೋಲಿ, ಎರಕದ ಬೋಗುಣಿ, ಎಲ್ಲವನ್ನೂ ಹಳೇ ಬ್ಯಾಟರಿ ವಾಪಸ್ಸು ತೆಗೆದುಕೊಳ್ಳುವ ಹಾವೇರಿಯ ಅಂಗಡಿಗೆ ಕಳಿಸಿದ. ಬಳಪದ ಕಲ್ಲಿನ ಅಚ್ಚನ್ನು ತಾನೇ ಸುತ್ತಿಗೆಯಿಂದ ಒಡೆದು ಆ ಗುಂಡಿಗೇ ಹಾಕಿದ. ಮನೆಯನ್ನು ಸುಶೀಲವ್ವ ಮೂರು ಸಲ ಒದ್ದೆ ಬಟ್ಟೆಯಿಂದ ಒರೆಸಿದಳು.

"ನಲವತ್ತು ವರ್ಷ ಕೈ ತೊಳಕೊಂಡು ಊಟಕ್ಕ ಬರ್ರಿ ಅಂದೆ," ಎಂದಳು ಒರೆಸುತ್ತಲೇ. "ಬರೇ ಜಿಡ್ಡು ಅಂತ ತಿಳಕೊಂಡಿದ್ದೆ, ನನಗೂ ಗೊತ್ತಿರಲಿಲ್ಲ."

ಇಲ್ಲಿಗೆ ಮಲ್ಲಿಕಾಳಿಗೆ ಹೇಳಿ ಕಳಿಸಬಹುದಿತ್ತು. ಉಳಿವೆಪ್ಪ ಹೇಳಿ ಕಳಿಸಲಿಲ್ಲ. ಇನ್ನೂ ಹದಿನೆಂಟು ಟಾಕಿಗಳು ಬಿಚ್ಚದೆ ಉಳಿದಿದ್ದವು. ಪಾನಾ ಪಕ್ಕಡಗಳ ಚೀಲ ಹಿಡಿದು ಸರ್ಕಾರಿ ಬಸ್ಸು ಹತ್ತಿ ಒಂದೊಂದೇ ಊರಿಗೆ ಹೋದ. ಹಾನಗಲ್ಲಿನಲ್ಲಿ ಐದು, ಶಿಗ್ಗಾವಿಯಲ್ಲಿ ನಾಲ್ಕು. ಕೆಲವರು ನಕ್ಕರು. ಕೆಲವರು ಮುದುಕನಿಗೆ ಅರಳುಮರಳು ಎಂದು ಅವನಿಗೆ ಕೇಳಿಸುವಂತೆಯೇ ಆಡಿಕೊಂಡರು. ಅವನು ಟಾಕಿ ಬಿಚ್ಚಿ, ಗೋಲಿ ಎಣಿಸಿ ತೋರಿಸಿ, ನಾನು ಹೇಳಿದ್ದು ತಪ್ಪು ಎಂದು ಎಲ್ಲ ಕಡೆ ಒಂದೇ ಮಾತು ಹೇಳಿ ಮುಂದಿನ ಬಸ್ಸು ಹಿಡಿದ.

ಹಿರೇಕೆರೂರಿಗೆ ಹೋದ ದಿನ ಸಂತೆ. ಗೋವಿನಜೋಳದ ವ್ಯಾಪಾರಿ ಗಿರಿಯಪ್ಪನ ಅಂಗಳದಲ್ಲಿ ಅವನ ತಂದೆಯ ಕಾಲದ ಕಾರು ಪೂಜೆಗೆಂದು ತೊಳೆದು ನಿಂತಿತ್ತು. ಗಿರಿಯಪ್ಪ ಚಹಾ ಕುಡಿಸಿದ. ವಿಷಯ ಕೇಳಿದ ಮೇಲೆ ಅವನ ಮುಖ ಗಂಟಿಕ್ಕಿತು.

"ಹಾವೇರಿ ತನಕ ಹೇಳ್ಕೊಂಡು ತಿರುಗೇನ್ರಿ ನಾನು, ನಿಮ್ಮ ಗೋಲಿ ಅಂದ್ರ ಗೋಲಿ ಅಂತ. ಇಪ್ಪತ್ತು ವರ್ಷ ಗಾಡಿ ಒಂದು ದಿನ ಕೈ ಕೊಟ್ಟಿಲ್ಲ. ಈಗ ಬಂದು ಅದು ಸುಳ್ಳು ಅಂದ್ರ ಮಂದಿಗೆ ನಾ ಏನು ಹೇಳ್ಲಿ?"

"ಉಳಿವೆಪ್ಪ ತಪ್ಪು ಹೇಳಿದ್ದ ಅಂತ ಹೇಳ್ರಿ."

ನಂಬಿಕೆಯ ಮಾತು ಬೇರೆ, ಟಾಕಿಯಲ್ಲಿದ್ದರೆ ಯಾರಿಗೇನು ನಷ್ಟ, ಬಿಚ್ಚುವುದು ಬೇಡ ಎಂದು ಗಿರಿಯಪ್ಪ ಹಟ ಹಿಡಿದ. ಅವನ ಮಾತಿನಲ್ಲೂ ಹುರುಳಿತ್ತು. ಟಾಕಿಯೊಳಗಿದ್ದದ್ದು ಅಲ್ಲಿರುವ ತನಕ ಯಾರನ್ನೂ ಕೊಲ್ಲುತ್ತಿರಲಿಲ್ಲ. ಉಳಿವೆಪ್ಪನಿಗೂ ಸಾಕಾಗಿತ್ತು. ಚೀಲ ಎತ್ತಿಕೊಂಡು ಎದ್ದ. ಆಗಲೇ ಪಡಸಾಲೆಯ ತೊಟ್ಟಿಲಲ್ಲಿದ್ದ ಕೂಸು ಎದ್ದು ಅತ್ತಿತು. ಗಿರಿಯಪ್ಪನ ಮೊಮ್ಮಗಳು, ಇನ್ನೂ ವರ್ಷ ತುಂಬಿರಲಿಲ್ಲ. ಗಿರಿಯಪ್ಪ ಎತ್ತಿಕೊಂಡು ಬಂದ. ಕೂಸಿನ ಕೊರಳಲ್ಲಿ ಕರಿದಾರ, ದಾರದಲ್ಲಿ ಬಟ್ಟೆಗೆ ಹೊಲಿದ ಒಂದು ಗುಂಡು. ಬಟ್ಟೆ ಹರಿದು, ಒಳಗಿನ ಗೋಲಿ ಕೂಸಿನ ಬಾಯಲ್ಲಿತ್ತು. ಅಳು ನಿಲ್ಲಿಸಿ ಅದು ಚಪ್ಪರಿಸುತ್ತಿತ್ತು.

"ಹೋದ ವರ್ಷ ಒಂದು ಹೆಚ್ಚಿಗಿ ಇಸಗೊಂಡು ಬಂದಿದ್ನೆಲ್ಲರಿ," ಎಂದ ಗಿರಿಯಪ್ಪ. "ಗಾಡಿ ಕಾಯ್ದದ್ದು ಕೂಸನ್ನೂ ಕಾಯಲಿ ಅಂತ ಕಟ್ಟೇವಿ."

ಉಳಿವೆಪ್ಪ ಹತ್ತಿರ ಹೋಗಿ, ಏನೂ ಕೇಳದೆ, ದಾರದ ಗಂಟಿಗೆ ಕೈ ಹಾಕಿದ. ನಡುಗುವ ಬೆರಳಿಗೆ ಗಂಟು ಸಿಗಲಿಲ್ಲ. ಮೂರು ಸಲ ಜಾರಿತು. ಕಣ್ಣಲ್ಲಿ ನೀರು ಬಂದು ಗಂಟು ಕಾಣದಾಯಿತು.

"ನನ್ನ ಮೊಮ್ಮಗಳು ಇದನ್ನ ಚೀಪಿ ಅಕ್ಷರ ಮರ್ತಾಳ್ರಿ," ಎಂದ. "ಕೈ ಮುಗಿತೇನಿ, ನೀವಾರ ಬಿಚ್ಚರಿ."

ಗಿರಿಯಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ಹಲ್ಲಿನಿಂದ ದಾರ ಕಡಿದು, ಗೋಲಿಯನ್ನು ಅವನ ಅಂಗೈಗೆ ಹಾಕಿದ. ಕೂಸಿನ ರಕ್ತ ಎಲ್ಲಿ ತೋರಿಸಬೇಕು ಎಂದು ಕೇಳಿಕೊಂಡು ವೈದ್ಯೆಯ ಹೆಸರು ಬರೆದುಕೊಂಡ. ಕಾರಿನ ಟಾಕಿಯನ್ನು ಇಬ್ಬರೂ ಸೇರಿ ಬಿಚ್ಚಿದರು. ಇನ್ನೂ ಯಾರಿಗೆ ಹೀಗೆ ಹೆಚ್ಚಿಗೆ ಗೋಲಿ ಕೊಟ್ಟಿದ್ದೆ ಎಂದು ನೆನಪು ಮಾಡಿಕೊಳ್ಳುತ್ತ ಉಳಿವೆಪ್ಪ ಬಸ್ ಸ್ಟ್ಯಾಂಡಿಗೆ ನಡೆದ.

ಆ ವರ್ಷದ ಖಂಡೇಪೂಜೆಗೆ ಗ್ಯಾರೇಜಿನ ಮುಂದೆ ಗಾಡಿಗಳ ಸಾಲು ನಿಲ್ಲಲಿಲ್ಲ. ನಬೀಸಾಬನ ಜೀಪು ಒಂದೇ ಬಂದಿತ್ತು.

ದೀಪಾವಳಿಗೆ ನಾಲ್ಕು ದಿನವಿರುವಾಗ, ಕೊನೆಯ ಟಾಕಿಯೂ ಮುಗಿದ ಮೇಲೆ, ಉಳಿವೆಪ್ಪ ಹಿರೇಬೆಂಡಿಗೇರಿಗೆ ಹೋದ. ಶೈಲಶ್ರೀ ಅಜ್ಜಾ ಎಂದು ಓಡಿ ಬಂದಾಗ ಹಿಂದಕ್ಕೆ ಸರಿದು, ತಡಿಯವ್ವ, ಕೈ ತೊಳೀತೇನಿ ಎಂದ. ಬಸ್ಸು ಹತ್ತುವ ಮೊದಲು ತೊಳೆದಿದ್ದ, ಇಳಿದ ಮೇಲೆ ಬೋರಿನ ಹತ್ತಿರ ತೊಳೆದಿದ್ದ. ಮಲ್ಲಿಕಾ ತಂಬಿಗೆಯಿಂದ ನೀರು ಹಾಕಿದಳು. ಅವನು ಉಗುರುಗಳನ್ನು ಅವಳಿಗೆ ತೋರಿಸಿದ. ರಕ್ತ ಮತ್ತೆ ನೋಡಿಸಿದ್ದಳಂತೆ, ಮೂವತ್ಮೂರಕ್ಕೆ ಇಳಿದಿದೆ ಎಂದಳು.

"ಮನಿಯಾಗ ಒಂದು ಚೂರೂ ಇಲ್ಲವ್ವ," ಎಂದ ಉಳಿವೆಪ್ಪ. "ಹೊರಗ ನಾ ಹಂಚಿದ್ದನ್ನೂ ನೆನಪಿದ್ದಷ್ಟು ತಂದು ಹಾವೇರಿ ಅಂಗಡಿಗೆ ಕೊಟ್ಟೇನಿ."

"ಹಬ್ಬ ನಮ್ಮ ಮನಿಯಾಗ ಮಾಡೂಣ್ರಿ ಮಾವಾರ," ಎಂದಳು ಮಲ್ಲಿಕಾ. ತಂಬಿಗೆ ಕೆಳಗಿಟ್ಟು ಒಳಗೆ ಚೀಲ ತುಂಬಲು ಹೋದಳು.

ಅವನು ಕಟ್ಟೆಯ ಮೇಲೆ ಕೂತು ಕಿಸೆಯಿಂದ ಐದು ಗಜ್ಜುಗ ತೆಗೆದ. ಬೂದಿಬಣ್ಣದ ಗುಂಡನೆಯ ಬೀಜ, ಬೇಲಿಯಲ್ಲಿ ಬಿಡಿಸಿಕೊಂಡು ತಂದದ್ದು. ಹುಡುಗಿ ಒಂದೊಂದನ್ನೇ ತಿರುಗಿಸಿ ನೋಡಿದಳು.

"ಇದರ ಮ್ಯಾಲೆ ನಿನ್ನ ಅಕ್ಷರ ಇಲ್ಲಲ್ಲ, ಅಜ್ಜಾ?"

"ಇಲ್ಲವ್ವ. ಇವು ನಾ ಮಾಡಿದ್ದಲ್ಲ. ಬಾಯಾಗ ಮಾತ್ರ ಇಟ್ಕೋಬ್ಯಾಡ."

ಅವಳು ಐದನ್ನೂ ಮೇಲಕ್ಕೆ ತೂರಿ ಕೈ ತಿರುಗಿಸಿದಳು. ಎರಡು ನಿಂತವು, ಮೂರು ಕಟ್ಟೆಯ ಕೆಳಗೆ ಉರುಳಿದವು. ಅವಳ ತುಟಿ ಅಳುವ ಹಾಗೆ ಬಿಗಿಯಿತು. ಉಳಿವೆಪ್ಪ ಕೆಳಗಿಳಿದು, ಮೊಣಕಾಲೂರಿ, ಮೂರನ್ನೂ ಹುಡುಕಿ ತಂದು ಅವಳ ಕೈಗೆ ಕೊಟ್ಟ.

"ಮತ್ತ ಒಗಿ," ಎಂದ. "ಬಸ್ಸು ಹೋದರ ಹೋಗಲಿ."